ಗುಂಡನ ಕೂದಲು, ನಮ್ಮ ಇಎಂಐ

"ಈ ಸಲ ಬೆಂಗಳೂರು ಓಪನ್ ಏರ್ ಮೆಟಲ್ ಫೆಸ್ಟಿವಲ್‌ಗೆ ಯಾರ್ಯಾರು ಬರ್ತೀರಿ?" ಎಂದು ಗುಂಡ ಕೇಳಿದ. ನಾವು ಮೂವರೂ ಬೈಟು ಕಾಫಿಯೊಳಗೆ ಏನೋ ಬಿದ್ದಿದೆ ಎಂಬಂತೆ ಲೋಟ ನೋಡತೊಡಗಿದೆವು.

ಹೆವಿ ಮೆಟಲ್ ಎಂಬ ಅಬ್ಬರದ ರಾಕ್ ಸಂಗೀತದ ಹುಚ್ಚು ಹಿಡಿದ ನಮ್ಮ ಗುಂಪಿನಲ್ಲಿ ಈಗಲೂ ಭುಜದವರೆಗೆ ಕೂದಲು ಬಿಟ್ಟಿರುವವನು ಗುಂಡ ಒಬ್ಬನೇ. ಸೀನನಿಗೂ ಬಿಡುವ ಮನಸ್ಸಿದೆ, ಕೂದಲಿಗಿಲ್ಲ.

"ಮಗಳ ಸ್ಕೂಲಲ್ಲಿ ಪೇರೆಂಟ್ಸ್ ಮೀಟಿಂಗ್ ಇದೆ" ಎಂದ ಸೀನ.

"ನಾನಿನ್ನೂ ಡೇಟೇ ಹೇಳಿಲ್ವಲ್ಲೋ!"

"ಯಾವತ್ತಾದರೂ ಇರುತ್ತೆ ಮಗಾ."

ಗುಂಡನ ಸಿಟ್ಟು ನ್ಯಾಯವೇ. 2007ರ ಮಾರ್ಚ್‌ನಲ್ಲಿ ಐರನ್ ಮೇಡನ್ ಬ್ಯಾಂಡ್ ಅರಮನೆ ಮೈದಾನಕ್ಕೆ ಬಂದಾಗ, ಮನೆಯಲ್ಲಿ ಕಂಬೈನ್ಡ್ ಸ್ಟಡಿ ಎಂದು ಹೇಳಿ ಹೋದವರು ನಾವೇ. ಮರುವರ್ಷ ಮೆಗಾಡೆತ್. 2011ರ ಅಕ್ಟೋಬರ್‌ನಲ್ಲಿ ದಿಲ್ಲಿ ಪಕ್ಕದ ಗುರಗಾಂವ್‌ನಲ್ಲಿ ಮೆಟಾಲಿಕಾ ಶೋ ರದ್ದಾಯಿತು. ಎರಡು ದಿನ ಬಿಟ್ಟು ಇಲ್ಲಿ ನಡೆದೇ ನಡೆಯಿತು. ಆಗ ನಮ್ಮ ಜಂಬ ನೋಡಬೇಕಿತ್ತು! ಅಷ್ಟು ಜನ ಕಪ್ಪು ಬಟ್ಟೆ ಹಾಕಿದ್ದನ್ನು ಶಬರಿಮಲೆ ಸೀಸನ್ ಬಿಟ್ಟರೆ ನಾನು ಇನ್ನೆಲ್ಲೂ ಕಂಡಿಲ್ಲ.

"ಅರಮನೆ ಮೈದಾನಕ್ಕೆ ನಾನು ಹೋದ ವಾರ ಹೋಗಿದ್ದೆ" ಎಂದ ಪುಟ್ಟ.

ಗುಂಡನ ಮುಖ ಅರಳಿತು. "ಯಾವ ಶೋ?"

"ಅತ್ತಿಗೆಯ ತಂಗಿ ರಿಸೆಪ್ಷನ್ನು. ಮೇಡನ್ ಸ್ಟೇಜ್ ಇತ್ತಲ್ಲ, ಅಂದಾಜು ಅಲ್ಲೇ ಚಾಟ್ ಕೌಂಟರ್. ತಳ್ಳಾಟ ಮಾತ್ರ ಹಾಗೇ ಇದೆ. ಸ್ಟೇಜ್ ಮುಂದೆ ಡಿಕ್ಕಿ ಹೊಡೆದು ಕುಣಿಯೋ ಮಾಷ್ ಪಿಟ್‌ನಲ್ಲಾದರೆ ಬಿದ್ದವರನ್ನು ಎತ್ತುತ್ತಿದ್ದರು. ಇಲ್ಲಿ ದಾಟಿಕೊಂಡು ಪಾನಿಪುರಿಗೆ ಹೋಗ್ತಾರೆ."

"ನಾವೇನೂ ಬಿಟ್ಟಿಲ್ಲ ಗುರು" ಎಂದು ಸೀನ ಸಮಾಧಾನಕ್ಕೆ ಇಳಿದ. "ಕಾರಲ್ಲಿ ದಿನಾ ಹಾಕ್ತೀನಿ. ಸಿಲ್ಕ್ ಬೋರ್ಡ್ ಟ್ರಾಫಿಕ್‌ಗೆ ಸ್ಲೇಯರ್ ಸರಿಯಾಗಿ ಹೊಂದುತ್ತೆ."

"ವಾಲ್ಯೂಮ್ ಎಷ್ಟು?"

"ಆರು."

"ಆರರಲ್ಲಿ ಕೇಳೋದಾದ್ರೆ ಭಾವಗೀತೆ ಹಾಕ್ಕೋ."

ಪಾಪ, ಹಾಡು ಗುಂಡನಿಗೆ ಯಾವ ಫೋನಿನಲ್ಲಾದರೂ ಸಿಗುತ್ತದೆ. ಸಿಗದಿರುವುದು ನಾವು. ಬಾಯಿಬಿಟ್ಟು ಹಾಗೆನ್ನಲು ಅವನಿಗೆ ಮುಜುಗರ. ಹಾಗಾಗಿ ಕ್ರಿಪ್ಟೋಸ್ ಬ್ಯಾಂಡನ್ನು ಎಳೆದು ತಂದ.

"1998ರಲ್ಲಿ ನಮ್ಮೂರಲ್ಲೇ ಶುರುವಾಗಿದ್ದು. ಜರ್ಮನಿಯ ವಾಕೆನ್ ಫೆಸ್ಟಿವಲ್‌ಗೂ ಹೋಗಿ ನುಡಿಸಿ ಬಂದರು. ಅವರಿಗೆ ಮನೆ ಮಠ ಇಲ್ವಾ?"

"ಇರುತ್ತೆ. ಆದ್ರೆ ಅವರು ಒಂದು ಗಂಟೆ ನುಡಿಸಿ ಇಳೀತಾರೆ. ನಾವು ಬೆಳಿಗ್ಗೆಯಿಂದ ರಾತ್ರಿವರೆಗೆ ನಿಂತಿರಬೇಕು. ಕುರ್ಚಿ ಹಾಕಿರ್ತಾರಾ?" ಎಂದ ಪುಟ್ಟ. ಸುಮ್ನೆ ಅಲ್ಲ, ನಿಜವಾಗಿಯೂ ಕೇಳಿದ.

ಗುಂಡ ಕೊನೆಯ ಅಸ್ತ್ರ ತೆಗೆದ. "ಹೋದ ಸಲ ಕಾಲೇಜು ಹುಡುಗರು ಸಿಕ್ಕಿದ್ರು. 2007ರಲ್ಲಿ ನೀವಿದ್ರಾ ಸರ್ ಅಂತ ಸುತ್ತ ಕೂತುಬಿಟ್ಟರು. ಮೇಡನ್ ಕಥೆ ಪೂರ್ತಿ ಹೇಳಿದೆ. ಅರ್ಧ ನಂಬಿಲ್ಲ. ಸಾಕ್ಷಿಗಾದರೂ ಬನ್ರೋ."

ಸೀನ ಲೋಟ ಕೆಳಗಿಟ್ಟ. "ಕಥೇಲಿ ನಾನಿದ್ದೀನಾ?"

"ಇದ್ದೀಯ. ಬ್ಯಾರಿಕೇಡ್ ಹಾರಿ ಮುಂದಿನ ಸಾಲಿಗೆ ಹೋಗ್ತೀಯ."

"ನಾನೆಲ್ಲಿ ಹಾರಿದ್ದೆ? ನಿಮ್ಮೆಲ್ಲರ ಚಪ್ಪಲಿ ಕಾಯ್ತಾ ಹಿಂದೆ ನಿಂತಿದ್ದೆ."

"ಈಗ ಹಾರಿದ್ದೀಯ."

ಸೀನ ಟಿಕೆಟ್ ರೇಟು ಕೇಳಿದ.