ಪದಚರ್ಚೆ: ‘ಆನರ್ ಸೊಸೈಟಿ’ಗೆ ಕನ್ನಡದಲ್ಲಿ ಏನಂತೀರಿ? (ಬ್ಯಾನರ್ ಇವತ್ತೇ ಹೋಗಬೇಕು)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅವಸರದ ಪ್ರಶ್ನೆ. ಶನಿವಾರ ನಮ್ಮೂರಿನ ಕನ್ನಡ ಕೂಟದಲ್ಲಿ ಕಾಲೇಜು ಮುಗಿಸಿದ ಮಕ್ಕಳಿಗೆ ಶಾಲು ಹೊದಿಸುತ್ತೇವೆ. ಒಬ್ಬ ಹುಡುಗಿ ಫೈ ಬೀಟಾ ಕಪ್ಪಾಗೆ ಆಯ್ಕೆಯಾಗಿದ್ದಾಳೆ. 1776ರಲ್ಲಿ ವರ್ಜೀನಿಯಾದ ವಿಲಿಯಂ ಅಂಡ್ ಮೇರಿ ಕಾಲೇಜಿನಲ್ಲಿ ಶುರುವಾದ ಆನರ್ ಸೊಸೈಟಿ ಅದು, ಅಂದರೆ ಚೆನ್ನಾಗಿ ಓದುವ ವಿದ್ಯಾರ್ಥಿಗಳನ್ನು ಆರಿಸಿ ಸದಸ್ಯರಾಗಿ ಸೇರಿಸಿಕೊಳ್ಳುವ ಕೂಟ. ಅವಳ ಅಜ್ಜಿ ತಿಪಟೂರಿನಿಂದ ಬಂದಿದ್ದಾರೆ, ಹಾಗಾಗಿ ಬ್ಯಾನರಿನಲ್ಲಿ ಒಂದು ಸಾಲು ಕನ್ನಡದಲ್ಲಿ ಬೇಕು. ‘ಗೌರವ ಸಂಘ’ ಅಂತ ಬರೆದೆ. ಏನೋ ಸರಿಯಿಲ್ಲ ಅನ್ನಿಸುತ್ತಿದೆ. ರಾತ್ರಿ 8ರೊಳಗೆ ಪ್ರಿಂಟಿಗೆ ಕಳಿಸಬೇಕು.
— ನ್ಯೂ ಜೆರ್ಸಿಯಿಂದ

ಅನ್ನಿಸಿದ್ದು ಸರಿಯಾಗಿಯೇ ಇದೆ ಮೇಡಂ. ಕನ್ನಡದಲ್ಲಿ ‘ಗೌರವ’ ಮುಂದೆ ಬಂದು ಕೂತರೆ ಸಂಬಳ ಇಲ್ಲ ಅಂತ ಅರ್ಥ. ಗೌರವ ಕಾರ್ಯದರ್ಶಿ, ಗೌರವಾಧ್ಯಕ್ಷ. ಗೌರವಧನ ಅಂದರೆ ಎಷ್ಟು ಅಂತ ಅತಿಥಿ ಉಪನ್ಯಾಸಕರನ್ನು ಕೇಳಿ. ಗೌರವ ಡಾಕ್ಟರೇಟ್ ಪರೀಕ್ಷೆ ಬರೆಯದೆ ಸಿಗೋದು. ಈ ಹುಡುಗಿ ಓದಿ ಗಳಿಸಿದ್ದಾಳೆ, ಅಲ್ವಾ?
— ಧಾರವಾಡದಿಂದ

ಮನ್ನಣೆಕೂಟ. ಮುಗೀತು. ಮನ್ನಿಸು–ಮನ್ನಣೆ, ಕೂಡು–ಕೂಟ. ಇಷ್ಟು ಸಲೀಸಾದ ಪದ ಇರುವಾಗ ಸಂಘ, ಸಂಸ್ಥೆ, ಸಮಿತಿ ಅಂತ ಸಂಸ್ಕೃತದ ಬಾಗಿಲು ಯಾಕೆ ಬಡೀತೀರೋ.
— ಬೆಂಗಳೂರಿನಿಂದ

ಇವತ್ತು ‘ಮನ್ನಿಸು’ ಅಂದರೆ ಜನಕ್ಕೆ ಕೇಳಿಸೋದು ‘ಕ್ಷಮಿಸು’ ಅಂತ. ಮೊಮ್ಮಗಳು ಏನು ತಪ್ಪು ಮಾಡಿದಳು ಅಂತ ಅಜ್ಜಿ ಗಾಬರಿಯಾಗ್ತಾರೆ.
— ಧಾರವಾಡದಿಂದ

‘ಪ್ರತಿಭಾ ಪುರಸ್ಕಾರ’ ಅಂತ ಹಾಕಿ. ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ತಿಂಗಳೊಳಗೆ ಎಲ್ಲ ಜಾತಿ ಸಂಘಗಳೂ ಮಾಡೋದು ಅದನ್ನೇ.
— ಹಾಸನದಿಂದ

ಪುರಸ್ಕಾರ ಬೇಡ. ಅದು ಒಂದು ಸಂಜೆಯ ಹಾರ, ಪೇಟ. ಇದು ಬದುಕಿರೋವರೆಗಿನ ಸದಸ್ಯತ್ವ. ಇದಕ್ಕೆ ಅರ್ಜಿ ಹಾಕುವಂತಿಲ್ಲ. ಆ ಕಾಲೇಜಿನಲ್ಲಿ ಆಗಲೇ ಸದಸ್ಯರಾಗಿರುವ ಮೇಷ್ಟ್ರುಗಳೇ ಕೂತು ಆರಿಸುತ್ತಾರೆ. ಅಮೆರಿಕದ ಕಾಲೇಜುಗಳಲ್ಲಿ ಸುಮಾರು 10ಕ್ಕೆ 1ರಲ್ಲಿ ಮಾತ್ರ ಫೈ ಬೀಟಾ ಕಪ್ಪಾ ಶಾಖೆ ಇದೆ. ಅಲ್ಲೂ ಸುಮಾರು 10ರಲ್ಲಿ ಒಬ್ಬರಿಗಷ್ಟೇ ಕರೆ. ಅಂಕ ಒಂದೇ ಸಾಲದು, ಸ್ವಲ್ಪ ಗಣಿತ ಮಾಡಿರಬೇಕು, ಮನೆಮಾತಲ್ಲದ ಇನ್ನೊಂದು ಭಾಷೆಯೂ ಬರಬೇಕು. ಎಂಜಿನಿಯರುಗಳ ಟೌ ಬೀಟಾ ಪೈ (1885) ಕೂಡ ಹೀಗೇ ಬಿಗಿ: ಮೂರನೇ ವರ್ಷದಲ್ಲಿ ತರಗತಿಯ ಮೇಲಿನ ಎಂಟನೇ ಒಂದು ಭಾಗ, ಕೊನೆಯ ವರ್ಷದಲ್ಲಿ ಐದನೇ ಒಂದು.

ಹೆಸರು ಒಂದೇ ಆದರೂ ಎಲ್ಲ ಸೊಸೈಟಿಗಳೂ ಹೀಗಿಲ್ಲ. ನನ್ನ ಮಗನಿಗೆ ಮೊದಲ ಸೆಮಿಸ್ಟರ್ ಅಂಕ ಬರೋ ಮೊದಲೇ ಒಂದು ಕಡೆಯಿಂದ ‘ಆಯ್ಕೆ’ ಪತ್ರ ಬಂತು. ದಪ್ಪ ಕಾಗದ, ಚಿನ್ನದ ಬಣ್ಣದ ಮುದ್ರೆ. ಹಿಂದೆ ತಿರುಗಿಸಿದರೆ ಕ್ರೆಡಿಟ್ ಕಾರ್ಡ್ ನಂಬರಿಗೆ 16 ಚೌಕ. ಹಾಗಾಗಿ ಪದದಲ್ಲಿ ‘ಆಯ್ದ’ ಅನ್ನೋದು ಇರಲೇಬೇಕು. ಸನ್ಮಾನ, ಗೌರವ ಯಾವುದಕ್ಕೂ ಆ ತೂಕ ಇಲ್ಲ.
— ಒಹಾಯೊದಿಂದ

ಗ್ರೀಕ್ ಅಕ್ಷರ ಅಂದರೆ ಆ ಪಾರ್ಟಿ ಮಾಡೋ ಹುಡುಗರ ಮನೆ ಅಲ್ವಾ?
— ಹಾಸನದಿಂದ

ಅಲ್ಲ. ಅದು ಫ್ರೆಟರ್ನಿಟಿ. ಬೇರೆ.
— ಒಹಾಯೊದಿಂದ

ಇಷ್ಟು ಹೊತ್ತು ಮಾತಾಡಿದ್ದೀರಿ, ಒಬ್ಬರೂ ಹೆಸರನ್ನೇ ಬಿಡಿಸಿ ನೋಡಲಿಲ್ಲ. ಫೈ, ಬೀಟಾ, ಕಪ್ಪಾ ಅಂದರೆ ಮೂರು ಗ್ರೀಕ್ ಪದಗಳ ಮೊದಲಕ್ಷರಗಳು: ‘ಫಿಲೊಸೊಫಿಯಾ ಬಿಯೂ ಕುಬೆರ್ನೇತೇಸ್’. ಅರಿವಿನ ಒಲವೇ ಬಾಳಿನ ಚುಕ್ಕಾಣಿ ಹಿಡಿದದ್ದು ಅಂತ. ಇದೇ ಕುಬೆರ್ನೇತೇಸ್ ಲ್ಯಾಟಿನ್ನಿಗೆ ಹೋಗಿ ಗವರ್ನರ್ ಆಯಿತು, ನಮ್ಮ ಕಾಲಕ್ಕೆ ಸೈಬರ್ ಆಯಿತು. ರಾಜಭವನ, ಸೈಬರ್ ಕೆಫೆ ಎರಡೂ ಒಂದೇ ದೋಣಿಯವು! ‘ಚುಕ್ಕಾಣಿ ಬಳಗ’ ಅನ್ನಿ, ಎಷ್ಟು ಚಂದ.
— ಮೈಸೂರಿನಿಂದ

ಚುಕ್ಕಾಣಿ ಕನ್ನಡದ್ದಲ್ಲ. ಅರಬ್ಬಿಯ ‘ಸುಕ್ಕಾನ್’. ಬೇಡ.
— ಬೆಂಗಳೂರಿನಿಂದ

ವಕೀಲ, ಕಾಗದ, ಖುರ್ಚಿ, ಜಮೀನು ಎಲ್ಲ ಬಿಟ್ಟು ಒಂದು ವಾರ ಬದುಕಿ ತೋರಿಸಿ ಸ್ವಾಮಿ. ಮೇಲೆ ‘ಸಲೀಸಾದ ಪದ’ ಅಂತ ಬರೆದಿದ್ದೀರಲ್ಲ, ಆ ಸಲೀಸು ಯಾವ ಊರಿನದ್ದು? ಅದೂ ಅರಬ್ಬಿಯೇ.
— ಮೈಸೂರಿನಿಂದ

ಬಾಯಿತಪ್ಪಿ ಬಂತು. ‘ಸುಳುವಾದ’ ಅಂತ ತಿದ್ದಿಕೊಳ್ಳಿ. ಒಮ್ಮೆ ಬಾಯಿ ತಪ್ಪಿತು ಅಂತ ತತ್ತ್ವ ತಪ್ಪಾಗಲ್ಲ.
— ಬೆಂಗಳೂರಿನಿಂದ

‘ತತ್ತ್ವ’ ಯಾವುದು?
— ಧಾರವಾಡದಿಂದ

ದಯವಿಟ್ಟು ನಿಲ್ಲಿಸಿ, 8 ಆಗೋಕೆ ಹತ್ತು ನಿಮಿಷ ಇದೆ. ‘ಫೈ ಬೀಟಾ ಕಪ್ಪಾ’ ಹೆಸರನ್ನು ಹಾಗೇ ಬಿಟ್ಟು, ಕೆಳಗೆ ‘ಓದಿನಲ್ಲಿ ಮುಂದಿರುವವರನ್ನು ಆರಿಸಿಕೊಳ್ಳುವ ಬಳಗ’ ಅಂತ ಹಾಕಿದೆ. ಅಗಲಕ್ಕೆ ಹಿಡಿಸಲಿಲ್ಲ. ಈಗ ‘ಆಯ್ದ ಪ್ರತಿಭೆಗಳ ಬಳಗ’ ಮಾಡಿದ್ದೇನೆ. ಅಜ್ಜಿಗೆ ಫೋನಿನಲ್ಲಿ ಓದಿ ಹೇಳಿದರೆ, ‘ಅಂದ್ರೆ ರ‍್ಯಾಂಕ್ ಬಂದ್ಳು ಅಂತ ತಾನೆ? ಹಂಗೇ ಬರೀಬಾರ್ದಾ?’ ಅಂದರು. ರ‍್ಯಾಂಕ್ ಅಲ್ಲ ಅಂತ ಹೇಳೋಕೆ ಹೊರಟೆ, ಅಷ್ಟರಲ್ಲಿ ಪ್ರಿಂಟಿನವರ ಫೋನ್ ಬಂತು. ಕಳಿಸಿದ್ದಾಯಿತು.
— ನ್ಯೂ ಜೆರ್ಸಿಯಿಂದ

‘ಪ್ರತಿಭೆ’ ಸಂಸ್ಕೃತ.
— ಬೆಂಗಳೂರಿನಿಂದ