ಬೊರಿವಲಿ ಪಾರ್ಕಿನ ಮಂಗಗಳಿಗೆ ಬಾಳೆಹಣ್ಣು ಕೊಡಬಹುದಾ?

ಸುಮಾ, ಕಾಂದಿವಲಿ:

ನಮ್ಮ ಬಿಲ್ಡಿಂಗಿನ ಐದಾರು ಕನ್ನಡ ಮನೆಯವರು ಸೇರಿ ಬರುವ ಶನಿವಾರ ಮುಂಬೈಯ ಬೊರಿವಲಿಯಲ್ಲಿರುವ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನಕ್ಕೆ ಹೋಗುತ್ತಿದ್ದೇವೆ. ಮಕ್ಕಳಿಗೆ ಅದರೊಳಗಿನ ಹಳೆಯ ಬೌದ್ಧ ಗುಹೆಗಳನ್ನು, ಅಂದರೆ ಕಾನ್ಹೇರಿ ಗುಹೆ ತೋರಿಸಬೇಕು. ಚಿತ್ರಾನ್ನ, ಮೊಸರನ್ನ ಕಟ್ಟಿಕೊಂಡು ಹೋಗಿ ಮರದ ಕೆಳಗೆ ಕೂತು ಉಣ್ಣುವ ಆಸೆ. ನಮ್ಮತ್ತೆ ಊರಲ್ಲಿ ಶನಿವಾರ ಬಂದರೆ ಹನುಮಂತನ ಗುಡಿ ಹತ್ತಿರ ಮಂಗಗಳಿಗೆ ಬಾಳೆಹಣ್ಣು ಕೊಡುತ್ತಿದ್ದವರು. ಇಲ್ಲೂ ಕೊಡಬೇಕು ಅಂತ ಅವರ ಮನಸ್ಸು. ಕೊಡಬಾರದು ಅಂತಾರೆ, ಗೊತ್ತು. ಆದರೆ ಹಣ್ಣು ತಾನೇ, ಚಿಪ್ಸ್ ಅಲ್ವಲ್ಲ? ಚಿರತೆಯ ಹೆದರಿಕೆ ಬೇರೆ ಇದೆ. ತಿಳಿದವರು ಹೇಳಿ.

ಭಟ್, ಬೊರಿವಲಿ ಪೂರ್ವ:

ಹಣ್ಣನ್ನೂ ಕೊಡಬೇಡಿ. ನಾನಿರುವುದು ಪಾರ್ಕಿನ ಗೇಟಿನ ಹತ್ತಿರ, ಬೆಳಗಿನ ವಾಕಿಂಗೂ ಅಲ್ಲೇ. ಈ ಮಾತು ಬಂದರೆ ಸುಮ್ನೆ ಇರುವುದಕ್ಕೆ ನನಗೆ ಆಗುವುದಿಲ್ಲ.

ತಲೆ ಮೇಲೆ ಟೋಪಿ ಇಟ್ಟ ಹಾಗೆ ಕೂದಲಿರುವ ಮಂಗ ನೋಡಿದ್ದೀರಲ್ಲ, ಅದು ನಮ್ಮೂರಿನ ಮಂಗವೇ. ಬಾನೆಟ್ ಮಕಾಕ್. ಭಾರತದ ಈ ದಕ್ಷಿಣದ ಭಾಗ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಅದರ ಕೆನ್ನೆಯೊಳಗೆ ಚೀಲ ಇರುತ್ತದೆ. ಕಾಡಿನ ಹಣ್ಣು ಸಿಕ್ಕರೆ ಅದರೊಳಗೆ ತುಂಬಿಕೊಂಡು ದೂರ ಹೋಗಿ ಕೂತು ತಿನ್ನುತ್ತದೆ, ಬೀಜ ಅಲ್ಲಿ ಉಗಿಯುತ್ತದೆ. ಒಂದು ಮರದ ಬೀಜ ಇನ್ನೊಂದು ಕಡೆ ಬೀಳುವುದು ಹೀಗೆ. ರಸ್ತೆ ಪಕ್ಕದಲ್ಲೇ ಬಾಳೆಹಣ್ಣು ಸಿಗುತ್ತದೆ ಅಂದರೆ ಅದು ಒಳಗೆ ಯಾಕೆ ಹೋಗುತ್ತದೆ? ಇಡೀ ಗುಂಪು ಡಾಂಬರಿನ ಅಂಚಿಗೆ ಬಂದು ಕೂರುತ್ತದೆ. ಗಾಡಿಯಡಿ ಮರಿ ಸಿಗುವುದು, ಮಕ್ಕಳ ಕೈಯ ಚೀಲ ಕಿತ್ತುಕೊಳ್ಳುವುದು, ಕಚ್ಚುವುದು ಎಲ್ಲ ಆಮೇಲಿನ ಕಥೆ. ಕಚ್ಚಿದರೆ ರೇಬಿಸ್ ಇಂಜೆಕ್ಷನ್ನಿಗೆ ಓಡಬೇಕು. ಕೊನೆಗೆ ಕೆಟ್ಟ ಹೆಸರು ಬರುವುದು ಮಂಗನಿಗೆ. ಇದು ನನಗೆ ತುಂಬಾ ನೋವಿನ ವಿಷಯ.

ಅತ್ತೆಯವರಿಗೆ ಹೀಗೆ ಹೇಳಿ ನೋಡಿ: ಹನುಮಂತನ ಸೇವೆ ನಿಲ್ಲಿಸಬೇಕಾಗಿಲ್ಲ, ಆ ಬಾಳೆಹಣ್ಣನ್ನು ಗುಡಿಯಲ್ಲಿ ಪ್ರಸಾದಕ್ಕೆ ಕೊಡಿ. ಕಾಡಿನ ಮಂಗನಿಗೆ ಅದರ ಊಟ ಕಾಡಲ್ಲೇ ಇದೆ. ನನ್ನ ತಾಯಿ ಇದನ್ನು ಕೇಳಿ ಒಪ್ಪಿಕೊಂಡರು.

ಚಿರತೆಯದ್ದೂ ಕೊನೆಗೆ ಊಟದ ವಿಷಯವೇ. ಎಂಜಲು ಬಿದ್ದಲ್ಲಿ ಬೀದಿನಾಯಿ, ನಾಯಿ ಬಂದಲ್ಲಿ ಚಿರತೆ. 2004ರಲ್ಲಿ ಪಾರ್ಕಿನ ಸುತ್ತಮುತ್ತ ಚಿರತೆ ದಾಳಿ ತುಂಬಾ ಆಗಿತ್ತು, ಜನ ಸತ್ತರು. ಬೇರೆ ಕಡೆ ಹಿಡಿದ ಚಿರತೆಗಳನ್ನು ಇಲ್ಲಿ ತಂದು ಬಿಟ್ಟದ್ದೂ ಒಂದು ಕಾರಣ ಅಂತ ತಿಳಿದವರು ಹೇಳುತ್ತಾರೆ. 2011ರಲ್ಲಿ ‘ಮುಂಬೈಕರ್ಸ್ ಫಾರ್ ಎಸ್‌ಜಿಎನ್‌ಪಿ’ (ಎಸ್‌ಜಿಎನ್‌ಪಿ ಅಂದರೆ ಈ ಪಾರ್ಕಿನ ಇಂಗ್ಲಿಷ್ ಹೆಸರಿನ ಚಿಕ್ಕ ರೂಪ) ಅಂತ ಅರಣ್ಯ ಇಲಾಖೆಯವರು ಜನರನ್ನು ಸೇರಿಸಿಕೊಂಡು ಕೆಲಸ ಶುರು ಮಾಡಿದರು. ಬೋನು ಇಡಿ ಅಂತ ಕೂಗುವ ಮೊದಲು ಕಸ ತೆಗೆಯಿರಿ ಅನ್ನುವ ಮಾತು ಸುತ್ತಲಿನ ವಸತಿ ಸೊಸೈಟಿಗಳಿಗೆ ಮುಟ್ಟಿದ್ದು ಆಗ. ನೀವು ಹಗಲು ಹೊತ್ತು ಗುಂಪಾಗಿ ಹೋಗುತ್ತೀರಿ, ಹೆದರಬೇಕಾಗಿಲ್ಲ. ಕತ್ತಲಾಗುವ ಮೊದಲು ಹೊರಗೆ ಬನ್ನಿ, ಮಕ್ಕಳನ್ನು ಪೊದೆ ಕಡೆ ಒಂಟಿಯಾಗಿ ಬಿಡಬೇಡಿ, ಅಷ್ಟೇ.

ಠಾಣೆಯ ಗಿರೀಶ:

ಭಟ್ರು ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ನಾನು ಇದೇ ಕಾಡಿನ ಇನ್ನೊಂದು ಮಗ್ಗುಲಲ್ಲಿ, ಯೇವೂರ್ ಕಡೆ ಇರುವವನು. ಮಳೆಗಾಲ ಬಂತು ಅಂದರೆ ಝರಿಗಳಲ್ಲಿ ಬಿಯರ್ ಬಾಟಲಿ ಚೂರು. ಸಾಂಬಾರ್, ಚುಕ್ಕಿ ಜಿಂಕೆ ನೀರಿಗೆ ಬರುವ ಜಾಗ ಅದು. ಈ ಕಾಡಿನ ಒಳಗೇ ತುಳಸಿ, ವಿಹಾರ್ ಕೆರೆಗಳಿವೆ. ವಿಹಾರ್ 1860ರದ್ದು. ಈಗಲೂ ಮುಂಬೈ ನಲ್ಲಿಗೆ ಅಲ್ಲಿಂದ ನೀರು ಹೋಗುತ್ತದೆ. ಇನ್ನೊಂದು, ಹಾಡು ಹಾಕುವ ಸ್ಪೀಕರ್ ದಯವಿಟ್ಟು ಮನೆಯಲ್ಲೇ ಬಿಡಿ.

ಸುಮಾ, ಕಾಂದಿವಲಿ:

ಬಾಳೆಹಣ್ಣಿನ ವಿಷಯ ಅತ್ತೆಗೆ ಓದಿ ಹೇಳಿದೆ. ಕೆನ್ನೆಚೀಲದ ಮಾತು ಅವರಿಗೆ ಹಿಡಿಸಿತು. ಆದರೆ ಸಣ್ಣ ಮಕ್ಕಳು ಮಧ್ಯಾಹ್ನದ ತನಕ ಹಸಿದುಕೊಂಡು ಇರುತ್ತಾರಾ ಭಟ್ರೇ? ಎಂಜಲು ಬೀಳುತ್ತದೆ ಅಂತ ಬುತ್ತಿ ಒಯ್ಯಲೇಬಾರದಾ? ಸಿಪ್ಪೆ ಮಣ್ಣಲ್ಲಿ ಕರಗಿ ಹೋಗುತ್ತದಲ್ಲ?

ಭಟ್, ಬೊರಿವಲಿ ಪೂರ್ವ:

ಕರಗುವ ಮೊದಲೇ ಯಾವುದೋ ಪ್ರಾಣಿಯ ಬಾಯಿಗೆ ಹೋಗುತ್ತದೆ, ಅದೇ ತೊಂದರೆ. ಉಪ್ಪಿನ ರುಚಿ ಅಂಟಿದ ಪ್ಲಾಸ್ಟಿಕ್ಕನ್ನು ಜಿಂಕೆ ಹಾಗೇ ನುಂಗುತ್ತದೆ. ಒಂದು ಕೆಲಸ ಮಾಡಿ. ಬೆಳಗ್ಗೆ ಸ್ಟೇಷನ್ ಹತ್ತಿರ ಉಡುಪಿ ಹೋಟೆಲಿನಲ್ಲಿ ಇಡ್ಲಿ ವಡೆ ಹೊಟ್ಟೆ ತುಂಬಾ ತಿನ್ನಿಸಿ ಒಳಗೆ ಕರೆದುಕೊಂಡು ಹೋಗಿ. ಸಣ್ಣವರಿಗೆ ಬೇಕೇ ಬೇಕಾದರೆ ಸ್ಟೀಲ್ ಡಬ್ಬಿಯಲ್ಲಿ ಒಂದೆರಡು ಚಪಾತಿ ಇರಲಿ, ಮಂಗಗಳಿಲ್ಲದ ಜಾಗ ನೋಡಿ ಬೇಗ ತಿನ್ನಿಸಿ, ಡಬ್ಬಿ ಮುಚ್ಚಿ ಚೀಲದೊಳಗೆ ಹಾಕಿ. ಬಾಳೆಲೆ ಊಟ, ಪೇಪರ್ ಪ್ಲೇಟು ಯಾವುದೂ ಬೇಡ. ಚಿತ್ರಾನ್ನ ಮನೆಗೆ ಬಂದ ಮೇಲೆ.

ಗೇಟಿನಿಂದ ಕಾನ್ಹೇರಿಗೆ ಸುಮಾರು 6 ಕಿಲೋಮೀಟರ್, ಬಸ್ ಇದೆ. ಅಲ್ಲಿ ಬಸಾಲ್ಟ್ ಬಂಡೆ ಕಡಿದು ಮಾಡಿದ ನೂರಕ್ಕೂ ಜಾಸ್ತಿ ಗುಹೆಗಳು. ಮಕ್ಕಳಿಗೆ ದೊಡ್ಡ ಚೈತ್ಯ (ಬೌದ್ಧರ ಪ್ರಾರ್ಥನೆಯ ಗುಹೆ) ತೋರಿಸಿದರೆ ಸಾಲದು, ಗುಹೆಗಳ ಪಕ್ಕದ ಕಲ್ಲಿನ ತೊಟ್ಟಿಗಳನ್ನೂ ತೋರಿಸಿ. ಭಿಕ್ಷುಗಳು ಮಳೆನೀರು ಹಿಡಿದು ಇಟ್ಟುಕೊಳ್ಳುತ್ತಿದ್ದದ್ದು ಅಲ್ಲೇ. ಅವುಗಳೊಳಗೆ ಈಗ ಜನ ಬಾಟಲಿ ಮುಚ್ಚಳ ಎಸೆಯುತ್ತಾರೆ. ನಿಮ್ಮ ಗುಂಪಿನವರು ಎಸೆಯದಂತೆ ನೋಡಿಕೊಳ್ಳಿ.

ಪಾರ್ಕಿನೊಳಗಿನ ಶಿಲೋಂಡಾ ಕಡೆಯ ಕಾಲುದಾರಿಗೆ ಅನುಮತಿ ಬೇಕು, ಸುಮ್ನೆ ನುಗ್ಗಬೇಡಿ. ಗಾಯಗೊಂಡ ಪ್ರಾಣಿ ಕಂಡರೆ ಮುಟ್ಟದೆ 1926ಕ್ಕೆ ಫೋನ್ ಮಾಡಿ, ಅದು ಮಹಾರಾಷ್ಟ್ರ ಅರಣ್ಯ ಇಲಾಖೆಯ ಸಹಾಯವಾಣಿ. ಪಾರ್ಕಿಗೆ ಸೋಮವಾರ ರಜೆ, ಶನಿವಾರಕ್ಕೆ ತೊಂದರೆ ಇಲ್ಲ. ಆದರೆ ಬೇಗ ಹೊರಡಿ, ಬಿಸಿಲೇರಿದರೆ ಗುಹೆಯ ಮೆಟ್ಟಿಲು ಅತ್ತೆಯವರಿಗೆ ಕಷ್ಟ.