ವರ್ಷ ದಾಟಿದ ಸೊಂಟ ನೋವು: ಬಿಪಿ, ಶುಗರ್, ನಿದ್ದೆ ಕೆಡೋದೂ ಇದರಿಂದಲೇನಾ?

ಹೊಸಕೆರೆಹಳ್ಳಿ_ತಂಗಿ
ಅಣ್ಣನಿಗೆ 44. ಸೊಂಟ ನೋವು ಶುರುವಾಗಿ ವರ್ಷ ದಾಟಿತು. ಎಂಆರ್‌ಐನಲ್ಲಿ ಎಲ್4-ಎಲ್5 ಡಿಸ್ಕ್ ಬಲ್ಜ್ (ಸೊಂಟದ ಮೂಳೆಗಳ ನಡುವಿನ ಮೆತ್ತೆ ಉಬ್ಬಿರೋದು) ಅಂತ ಬಂದಿದೆ. ಕಾಲಿಗೆ ಸೆಳೆತ, ಜೋಮು ಏನೂ ಇಲ್ಲ. ಸ್ಕೂಟರ್‌ನಲ್ಲಿ ಬೆಳ್ಳಂದೂರಿಗೆ ಹೋಗಿಬರ್ತಾನೆ, ಅಲ್ಲಿ ದಿನಪೂರ್ತಿ ಕುರ್ಚಿ. ಅಸಿಕ್ಲೋಫೆನಾಕ್-ಪ್ಯಾರಾಸಿಟಮಾಲ್ ಮಾತ್ರೆ ಹೆಚ್ಚುಕಮ್ಮಿ ದಿನಾ ನುಂಗ್ತಾನೆ, ಹಳೇ ಚೀಟಿ ತೋರಿಸಿದ್ರೆ ಮೆಡಿಕಲ್ ಶಾಪ್‌ನಲ್ಲಿ ಕೊಟ್ಟುಬಿಡ್ತಾರೆ. ಟೆಲ್ಮಿಸಾರ್ಟಾನ್‌ನಲ್ಲಿ ಹತೋಟಿಯಲ್ಲಿದ್ದ ಬಿಪಿ ಈಗ 150/96. ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸೋ ಟೆಸ್ಟ್) 6.1. ರಾತ್ರಿ ನಿದ್ದೆ ಇಲ್ಲ, ಮಾತಾಡಿಸಿದ್ರೆ ಸಿಡುಕು. ಬಿಪಿ ಮಾತ್ರೆ ಏರಿಸೋಣ ಅಂದಿದ್ದಾರೆ ಡಾಕ್ಟರ್. ಇವೆಲ್ಲ ಬೇರೆ ಬೇರೆ ಕಾಯಿಲೆನಾ, ಬೆನ್ನಿಂದ ಬಂದಿದ್ದಾ? ಬೆಲ್ಟ್ ಹಾಕಿಸಬೇಕಾ?

ಗುಳಿಗೆ_ಲೆಕ್ಕ
ಮೊದಲು ಒಂದು ಮಾತು: ನೋವಿನ ಮಾತ್ರೆ ದಿನಾ ತಗೊಳ್ತಿರೋದು ಆ ಬಿಪಿ ಡಾಕ್ಟರಿಗೆ ಗೊತ್ತಾ? ಬಹಳ ಜನ ಹೇಳೋದೇ ಇಲ್ಲ, "ಬರೀ ನೋವಿನ ಮಾತ್ರೆ ತಾನೇ" ಅಂತ.

ಕಿಡ್ನಿಯ ಸೋಸುವ ಗಂಟಿಗೆ ರಕ್ತ ತರುವ ನಾಳವನ್ನು ತೆರೆದಿಡೋಕೆ ಪ್ರೊಸ್ಟಾಗ್ಲಾಂಡಿನ್ ಅನ್ನೋ ಮೈಯದೇ ರಾಸಾಯನಿಕ ಬೇಕು. ಅಸಿಕ್ಲೋಫೆನಾಕ್, ಡೈಕ್ಲೋಫೆನಾಕ್, ಐಬುಪ್ರೊಫೆನ್, ಎಟೊರಿಕಾಕ್ಸಿಬ್, ಈ ನೋವಿನ ಮಾತ್ರೆಗಳೆಲ್ಲವೂ ಅದನ್ನೇ ತಡೆಯುತ್ತವೆ. ಆಗ ಉಪ್ಪು, ನೀರು ಮೈಯಲ್ಲೇ ನಿಲ್ಲುತ್ತೆ, ಬಿಪಿ ಏರುತ್ತೆ, ಟೆಲ್ಮಿಸಾರ್ಟಾನ್‌ನ ಕೆಲಸವೂ ಮಂಕಾಗುತ್ತೆ. ಇನ್ನೊಂದು ಕಡೆ ಟೆಲ್ಮಿಸಾರ್ಟಾನ್, ರಕ್ತ ಹೊರಹೋಗುವ ನಾಳವನ್ನು ಸಡಿಲ ಮಾಡುತ್ತೆ. ಒಳಗೆ ಬರೋದು ಕಮ್ಮಿ, ಹೊರಗೆ ಹೋಗೋದು ಸಲೀಸು. ಸೋಸೋಕೆ ಬೇಕಾದ ಒತ್ತಡವೇ ಇಳಿದುಹೋಗುತ್ತೆ. ಇದರ ಜೊತೆ ಹೈಡ್ರೋಕ್ಲೋರೊಥಯಜೈಡ್ ಅಥವಾ ಕ್ಲೋರ್ಥಾಲಿಡೋನ್ ಥರದ ನೀರಿನ ಮಾತ್ರೆಯೂ ಸೇರಿದ್ರೆ ಮೂರೂ ಕೂಡಿ ಕಿಡ್ನಿಗೆ ಪೆಟ್ಟು. ವಾಂತಿ-ಭೇದಿ ಆದ ದಿನ, ನೀರು ಕುಡಿಯದ ದಿನ ಅಪಾಯ ಇನ್ನೂ ಜಾಸ್ತಿ. ಬಿಪಿ ಮಾತ್ರೆಯ ಸ್ಟ್ರಿಪ್ ತಿರುಗಿಸಿ, ಒಳಗೆ ಏನೇನಿದೆ ಓದಿ.

ಮಾಡಿಸಬೇಕಾದ್ದು: ಸೀರಮ್ ಕ್ರಿಯಾಟಿನಿನ್, ಇಜಿಎಫ್‌ಆರ್ (ಎರಡೂ ಕಿಡ್ನಿ ಎಷ್ಟು ಸೋಸುತ್ತೆ ಅಂತ ತೋರಿಸೋವು), ಪೊಟ್ಯಾಸಿಯಮ್, ಮೂತ್ರದಲ್ಲಿ ಆಲ್ಬುಮಿನ್. ಅಸಿಕ್ಲೋಫೆನಾಕ್ 100 ಮಿಗ್ರಾಂನದು, ದಿನಕ್ಕೆ ಎರಡರ ಮೇಲೆ ಹೋಗಬಾರದು. ಇದರ ಮೇಲೆ ಬೇರೆ ಹೆಸರಿನ ಐಬುಪ್ರೊಫೆನ್ ನುಂಗೋದಂತೂ ಬೇಡವೇ ಬೇಡ. ಆಸಿಡ್ ತಗ್ಗಿಸೋ ಪ್ಯಾಂಟೊಪ್ರಜೋಲ್ ಹೊಟ್ಟೆ ಕಾಯುತ್ತೆ, ಕಿಡ್ನಿ ಕಾಯಲ್ಲ. ಮಲ ಕಪ್ಪಾಗಿ ಡಾಂಬರಿನ ಹಾಗೆ ಬಂದ್ರೆ ಅವತ್ತೇ ಆಸ್ಪತ್ರೆಗೆ.

ಬಿಪಿ ಮಾತ್ರೆ ನೀವಾಗಿ ನಿಲ್ಲಿಸಬೇಡಿ. ಡಾಕ್ಟರನ್ನ ಕೇಳಿ ನೋವಿನ ಮಾತ್ರೆ ಬಿಡಿಸಿ, ಒಂದು ವಾರ ಬೆಳಿಗ್ಗೆ-ಸಂಜೆ, ಐದು ನಿಮಿಷ ಸುಮ್ಮನೆ ಕೂತ ಮೇಲೆ, ಒಂದು ನಿಮಿಷ ಬಿಟ್ಟು ಎರಡೆರಡು ಸಲ ಬಿಪಿ ನೋಡಿ ಬರೆದಿಡಿ. ಡೋಸ್ ಏರಿಸಬೇಕೋ ಬೇಡವೋ ಅನ್ನೋದು ಆ ಹಾಳೆಯಿಂದ ಗೊತ್ತಾಗುತ್ತೆ.

ಫಿಸಿಯೋ_ಜಯನಗರ
ಬಲ್ಜ್ ಅನ್ನೋ ಪದಕ್ಕೆ ಹೆದರಬೇಡಿ. ನೋವೇ ಇಲ್ಲದ 50ರ ಆಸುಪಾಸಿನವರ ಸ್ಕ್ಯಾನ್ ತೆಗೆದ್ರೂ ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಅದು ಸಿಗುತ್ತೆ.

ಶುಗರ್ ಪ್ರಶ್ನೆಗೆ: ಎಚ್‌ಬಿಎ1ಸಿ 5.7ರಿಂದ 6.4 ಅಂದ್ರೆ ಸಕ್ಕರೆ ಕಾಯಿಲೆಯ ಹೊಸ್ತಿಲು. ಊಟದ ನಂತರದ ಗ್ಲೂಕೋಸನ್ನು ಹೆಚ್ಚಾಗಿ ಹೀರಿಕೊಳ್ಳೋದು ಸ್ನಾಯುಗಳು. ನೋವಿಗೆ ಹೆದರಿ ಕೂತವರ ತೊಡೆ, ಪಿರ್ರೆಯ ಸ್ನಾಯು ಕೆಲಸವಿಲ್ಲದೆ ಕರಗುತ್ತೆ, ಸಕ್ಕರೆ ರಕ್ತದಲ್ಲೇ ಉಳಿಯುತ್ತೆ. ನಿದ್ದೆ ಕೆಟ್ಟರೆ ನೋವು ತಡೆಯೋ ಶಕ್ತಿಯೇ ಕುಗ್ಗುತ್ತೆ, ಅದೇ ಡಿಸ್ಕು ಮರುದಿನ ಹೆಚ್ಚು ನೋಯುತ್ತೆ. ಸಿಡುಕನ್ನ ಸ್ವಭಾವ ಅಂದುಕೊಳ್ಳಬೇಡಿ, ನೋವು, ನಿದ್ದೆಗೇಡಿಂದಲೂ ಬರುತ್ತೆ.

ನಡಿಗೆಯಿಂದ ಶುರು ಮಾಡಿ. ಹತ್ತು ನಿಮಿಷ, ದಿನಕ್ಕೆರಡು ಸಲ, ಸಮತಟ್ಟಾದ ಕಡೆ (ನಮ್ಮ ಫುಟ್‌ಪಾತ್ ಲೆಕ್ಕಕ್ಕಿಲ್ಲ, ಪಾರ್ಕಿಗೆ ಹೋಗಲಿ). ಮೂರ್ನಾಲ್ಕು ದಿನಕ್ಕೊಮ್ಮೆ ಎರಡೆರಡು ನಿಮಿಷ ಏರಿಸ್ತಾ, ವಾರಕ್ಕೆ ಐದು ದಿನ ಅರ್ಧ ಗಂಟೆ ಮುಟ್ಟಿಸಿ. ಬೆನ್ನು ನೋವಿಂದ ಚೇತರಿಸಿಕೊಂಡವರ ಮೇಲೆ ಆಸ್ಟ್ರೇಲಿಯಾದಲ್ಲಿ ನಡೆದು 2024ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನದಲ್ಲಿ, ನೋವು ಮರುಕಳಿಸೋಕೆ ನಡೆದವರಿಗೆ ಮಧ್ಯಾಂಕ 208 ದಿನ ಹಿಡಿಯಿತು, ನಡೆಯದವರಿಗೆ 112.

ವ್ಯಾಯಾಮ ಒಂದೇ ಹೇಳ್ತೀನಿ, ಸರಿಯಾಗಿ ಮಾಡಲಿ. ಚಾಪೆ ಮೇಲೆ ಅಂಗೈ, ಮಂಡಿ ಊರಿ, ಬಲಗೈ ಮುಂದಕ್ಕೆ, ಎಡಗಾಲು ಹಿಂದಕ್ಕೆ ಬೆನ್ನಿನ ಮಟ್ಟಕ್ಕೆ ಚಾಚಿ 8-10 ಸೆಕೆಂಡ್. ಆಮೇಲೆ ಎಡಗೈ, ಬಲಗಾಲು. ಒಂದೊಂದು ಬದಿಗೆ 6 ಸಲ, ಸ್ವಲ್ಪ ಬಿಡುವು, 4 ಸಲ, ಬಿಡುವು, 2 ಸಲ. ಕೆಡೋದು ಎಲ್ಲಿ ಅಂದ್ರೆ, ಕಾಲನ್ನ ತೀರಾ ಮೇಲೆತ್ತಿ ಸೊಂಟ ಕೆಳಗೆ ಬಳುಕಿಸೋದು, ಉಸಿರು ಬಿಗಿಹಿಡಿಯೋದು. ಸೊಂಟದ ಮೇಲೆ ಒಂದು ಪುಸ್ತಕ ಇಟ್ಟು ನೋಡಿ, ಜಾರಿದ್ರೆ ಸೊಂಟ ತಿರುಗ್ತಿದೆ. ಹತ್ತರಲ್ಲಿ ನಾಲ್ಕರಷ್ಟು ನೋವು ಬಂದು ಮರುದಿನ ಬೆಳಿಗ್ಗೆ ಮೊದಲಿನ ಮಟ್ಟಕ್ಕೆ ಇಳಿದ್ರೆ ಸರಿ. ಇಳಿಯದಿದ್ರೆ ಅರ್ಧ ಮಾಡಿ, ನಿಲ್ಲಿಸಬೇಡಿ.

ಎದ್ದ ಮೊದಲ ಗಂಟೆಯಲ್ಲಿ ಬಗ್ಗಿ ಬಕೆಟ್ ಎತ್ತೋದು ಬೇಡ. ರಾತ್ರಿಯೆಲ್ಲ ನೀರು ಹೀರಿಕೊಂಡ ಡಿಸ್ಕು ಆಗ ಉಬ್ಬಿರುತ್ತೆ. ಸ್ಕೂಟರ್‌ಗೆ ಕಂಪನಿ ಹೇಳಿದ ಗಾಳಿ ಮಾತ್ರ, ಜಾಸ್ತಿ ತುಂಬಿಸಿದ್ರೆ ಪ್ರತಿ ಗುಂಡಿಯ ಹೊಡೆತ ನೇರ ಸೊಂಟಕ್ಕೆ. ಬಸ್ಸಾದ್ರೆ ಹಿಂದಿನ ಚಕ್ರದಾಚೆಯ ಸೀಟು ಬಿಟ್ಟು ಮಧ್ಯದಲ್ಲಿ ಕೂರಲಿ.

ಕೀಲುವಾತ_ಕ್ಲಿನಿಕ್
ಮೇಲಿನದ್ದಕ್ಕೆ ಒಪ್ಪಿಗೆ, ಆದ್ರೆ ಮೊದಲು ಒಂದು ಕೇಳ್ಕೊಳ್ಳಿ. ಬೆಳಗಿನ ಬಿಗಿತ ಅರ್ಧ ಗಂಟೆ ಮೀರುತ್ತಾ? ಮಲಗಿದ್ರೆ ಜಾಸ್ತಿ, ಓಡಾಡಿದ್ರೆ ಕಮ್ಮಿನಾ? ರಾತ್ರಿಯ ಉತ್ತರಾರ್ಧದಲ್ಲಿ ನೋವಿಗೆ ಎಚ್ಚರ ಆಗುತ್ತಾ? ಕಣ್ಣು ಕೆಂಪಾಗಿ ನೋವಾಗಿತ್ತಾ, ಸೋರಿಯಾಸಿಸ್ ಇದೆಯಾ? ಹೌದಾದ್ರೆ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ (ಬೆನ್ನುಮೂಳೆಯ ಕೀಲುಗಳ ಉರಿಯೂತ) ಗುಂಪಿನ ಕಾಯಿಲೆ ಇರಬಹುದು. ರುಮಟಾಲಜಿಸ್ಟ್ (ಕೀಲುವಾತದ ತಜ್ಞರು) ನೋಡಲಿ. ಸೊಂಟದ ಮಾಮೂಲಿ ಎಂಆರ್‌ಐಗಿಂತ ಸ್ಯಾಕ್ರೋಇಲಿಯಾಕ್ (ಬೆನ್ನುಮೂಳೆಯ ಬುಡ ಮತ್ತು ಕಟಿಮೂಳೆ ಸೇರುವ) ಕೀಲಿನದ್ದು ಬೇಕಾಗುತ್ತೆ, ಜೊತೆಗೆ ಸಿಆರ್‌ಪಿ, ಎಚ್‌ಎಲ್‌ಎ-ಬಿ27 ರಕ್ತಪರೀಕ್ಷೆ.

ಸಂಜೆ ಜ್ವರ, ತೂಕ ಇಳಿಕೆ ಇದ್ರೆ ಬೆನ್ನುಮೂಳೆಯ ಟಿಬಿ ನೆನಪಿರಲಿ. ತೊಡೆಸಂದಿ, ಗುದದ ಸುತ್ತ ಸ್ಪರ್ಶ ಗೊತ್ತಾಗದೆ ಹೋದ್ರೆ, ಮೂತ್ರ ಕಟ್ಟಿದ್ರೆ, ಪಾದ ಎತ್ತೋಕೆ ಆಗದಿದ್ರೆ ಅಪಾಯಿಂಟ್‌ಮೆಂಟ್ ಕಾಯಬೇಡಿ, ನ್ಯೂರೋಸರ್ಜರಿ ಇರುವ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಅದೇ ಗಂಟೆಗೆ.

ಹೊಸಕೆರೆಹಳ್ಳಿ_ತಂಗಿ
ಸ್ಟ್ರಿಪ್ ನೋಡಿದೆ. ಟೆಲ್ಮಿಸಾರ್ಟಾನ್ 40, ಹೈಡ್ರೋಕ್ಲೋರೊಥಯಜೈಡ್ 12.5. ಬಿಗಿತ ಹತ್ತು ನಿಮಿಷದಲ್ಲಿ ಬಿಡುತ್ತಂತೆ. ಬೆಲ್ಟ್?

ಗುಳಿಗೆ_ಲೆಕ್ಕ
ಹಾಗಾದ್ರೆ ಮೂರೂ ಕೂಡಿವೆ ಮೇಡಂ. ಕ್ರಿಯಾಟಿನಿನ್ ನಾಳೆಯೇ ಕೊಡಿಸಿ, ಎರಡೂ ಸ್ಟ್ರಿಪ್ ಡಾಕ್ಟರ್ ಮೇಜಿನ ಮೇಲಿಡಿ. ಬೆಲ್ಟ್, ಟ್ರಾಕ್ಷನ್ (ಬೆನ್ನನ್ನ ಎಳೆಯುವ ಚಿಕಿತ್ಸೆ) ಎರಡನ್ನೂ ದೀರ್ಘಕಾಲದ ಸೊಂಟ ನೋವಿಗೆ ಮಾಮೂಲಿಯಾಗಿ ಕೊಡಬೇಡಿ ಅಂತ ವಿಶ್ವ ಆರೋಗ್ಯ ಸಂಸ್ಥೆಯ 2023ರ ಮಾರ್ಗಸೂಚಿ ಹೇಳುತ್ತೆ. ಆ ದುಡ್ಡಲ್ಲಿ ತೋಳಿಗೆ ಕಟ್ಟುವ ಬಿಪಿ ಯಂತ್ರ ತಗೊಳ್ಳಿ, ಮಣಿಕಟ್ಟಿನದ್ದು ಬೇಡ.